ಬೆಟ್ಟದೆದುರು ಆಡಬಾರದ ಹೆಸರು

ಜನಗಣತಿಗೆ ಹೊಸ ನಕ್ಷೆ ತಯಾರಾದ ವರ್ಷ ನಮ್ಮ ಜಿಲ್ಲೆಯ ಬೆಟ್ಟಗಳೆಲ್ಲ ಒಂದೇ ಹೆಸರಿಟ್ಟುಕೊಂಡು ನಿಂತುಬಿಟ್ಟವು. ಈ ಕಡೆಗೊಂದು ಖೈರ್‌ಖಾನ್, ಆ ಕಡೆಗೊಂದು ಖೈರ್‌ಖಾನ್, ಹೊಳೆಯಾಚೆ ಸಾಲಾಗಿ ನಾಲ್ಕಾರು ಖೈರ್‌ಖಾನ್. ರಾಜಧಾನಿ ಉಲಾನ್‌ಬಾತರಿನ ದೊಡ್ಡ ಕಚೇರಿಯವರು ಫೋನು ಮಾಡಿ, ಏನ್ರೀ, ನಿಮ್ಮ ಕಡೆ ಬೆಟ್ಟಕ್ಕೆ ಇಡೋಕೆ ಬೇರೆ ಹೆಸರಿಗೇ ಬರಗಾಲವಾ ಅಂತ ನಕ್ಕರಂತೆ. ನಗಲಿ ಬಿಡಿ. ತಪ್ಪು ಅವರದೇ.

ಕಂಪ್ಯೂಟರಿನ ಮುಂದೆ ಕೂತು ನಿಯಮ ಬರೆಯುವವರಿಗೆ ಕುರಿಯ ವಿಷಯ ಗೊತ್ತೇ, ಬೆಟ್ಟದ ವಿಷಯ ಗೊತ್ತೇ? ಪ್ರತಿ ಬೆಟ್ಟದ ಹೆಸರನ್ನು ಅದರ ಬುಡದಲ್ಲೇ ನಿಂತು, ಅಲ್ಲಿ ವಾಸವಿರುವ ಹಿರಿಯರ ಬಾಯಿಂದಲೇ ಕೇಳಿ, ಸಾಕ್ಷಿಗಳ ಎದುರಿಗೆ ಟ್ಯಾಬಿನಲ್ಲಿ ದನಿ ಮುದ್ರಿಸಿಕೊಳ್ಳತಕ್ಕದ್ದು ಅಂತ ಬರೆದು ಕಳಿಸಿದರು. ಬೆಟ್ಟದ ಬುಡದಲ್ಲಿ ನಿಂತು ಬೆಟ್ಟದ ಹೆಸರು ಹೇಳುವವರು ಯಾರಪ್ಪಾ? ಸೊಸೆಯಾದವಳು ಮಾವನ ಮುಂದೆ ನಿಂತು ಮಾವನ ಹೆಸರು ಕೂಗುತ್ತಾಳೆಯೇ? ಪೂಜೆಗೊಳ್ಳುವ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರವೂ ಅದು ಖೈರ್‌ಖಾನ್, ಅಂದರೆ ಕರುಣಾಳು. ನಿಜವಾದ ಹೆಸರೇನಿದ್ದರೂ ಕಣಿವೆ ದಾಟಿ ಅದು ಮರೆಯಾದ ಮೇಲೆ. ಎದುರಿಗೇ ಹೆಸರು ಹಿಡಿದರೆ ಬೆಟ್ಟ ಮುನಿಯುತ್ತದೆ, ಅದು ಮುನಿದರೆ ಆ ಚಳಿಗಾಲ ದೊಡ್ಡಿಯಲ್ಲಿ ಕುರಿ ಉಳಿಯುವುದಿಲ್ಲ. ಹಾಗಾಗಿ ಟ್ಯಾಬು ಹಿಡಿದು ಹೋದವರಿಗೆಲ್ಲ ಮುದುಕರು ಟೋಪಿ ತೆಗೆದು ಖೈರ್‌ಖಾನ್ ಅಂದರು. ಹೋದವರೂ ನಮ್ಮವರೇ ತಾನೇ, ಕೈಮುಗಿದು ಅದನ್ನೇ ತುಂಬಿಕೊಂಡು ಬಂದರು.

ಆಮೇಲೆ ಎಲ್ಲರೂ ಉಪಾಯ ಕಂಡುಕೊಂಡರು. ಮುದುಕರನ್ನು ಜೀಪಿನಲ್ಲಿ ಕೂರಿಸಿಕೊಂಡು ಕಣಿವೆಯಾಚೆ ಹೋಗಿ, ಚಹಾ ಕುಡಿಸಿ, ಹೆಸರು ಹೇಳಿಸಿಕೊಂಡು ಬಂದು ನಕ್ಷೆ ತಿದ್ದಿದರು. ಹಾಗೆ ಮಾಡಿ, ಯಾರೂ ಕೇಳಲ್ಲ ಅಂತ ಅವರಿಗೆ ಹೇಳಿಕೊಟ್ಟವಳು ಜಿಲ್ಲಾ ಕಚೇರಿಯ ನಕ್ಷೆ ವಿಭಾಗದ ಖಂಡಾಳೇ. ಒಂದೇ ಒಂದು ಬೆಟ್ಟದ ವಿಷಯದಲ್ಲಿ ಮಾತ್ರ ಅವಳು ನಿಯಮವನ್ನು ಚಾಚೂ ತಪ್ಪದೆ ಪಾಲಿಸುವವಳಿದ್ದಳು. ಆ ಬೆಟ್ಟದ ಬಿಸಿಲ ಮಗ್ಗುಲಲ್ಲಿ ಬದ್ರಖ್ ಅನ್ನುವ ಮುದುಕನ ಚಳಿಗಾಲದ ಬೀಡು ಇತ್ತು.

ಬದ್ರಖನ ಬೀಡು ಅಂದೆನೇ? ನಾಲಿಗೆ ತಪ್ಪಿತು. ಅದು ಖಂಡಾಳ ಅಪ್ಪನ ಬೀಡು. ಅಜ್ಜನ ಬೀಡು.

ಆ ಬೀಡು ಕೈತಪ್ಪಿದಾಗ ಖಂಡಾಳಿಗೆ ಎಂಟು ವರ್ಷ. ಅಪ್ಪ ಕುದುರೆಯಿಂದ ಬಿದ್ದು ಸತ್ತು ಇನ್ನೂ ಒಂದು ಬೇಸಿಗೆ ಕಳೆದಿರಲಿಲ್ಲ. ಬೀಡುಗಳಿಗೆ ಸರ್ಕಾರದಿಂದ ಹಕ್ಕುಪತ್ರ ಕೊಡುವುದು ಆಗಷ್ಟೇ ಶುರುವಾಗಿತ್ತು. ಚಳಿಗಾಲದ ಬೀಡು ಅಂದರೆ ನಮ್ಮ ಉಣ್ಣೆಯ ಗುಡಾರ, ಗೆರ್, ಹೂಡುವ ಬಯಲಲ್ಲ, ತಿಳಕೊಳ್ಳಿ. ಗಾಳಿಗೆ ಬೆನ್ನು ಕೊಡುವ ಬೆಟ್ಟ ಬೇಕು, ಕಲ್ಲಿನ ದೊಡ್ಡಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಲೆತಲಾಂತರದಿಂದ ಕುರಿಗಳು ಮಲಗಿ ಮಲಗಿ, ತುಳಿದು ತುಳಿದು ಗಟ್ಟಿಯಾದ ಹಿಕ್ಕೆಯ ಹಾಸು ಬೇಕು. ಎಂಥ ಹಿಮ ಸುರಿದರೂ ಕುರಿಯ ಹೊಟ್ಟೆ ಬೆಚ್ಚಗಿಡುವುದು ಆ ಹಾಸೇ. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಅದು ಆಗುವ ಕೆಲಸವಲ್ಲ.

ಪಟ್ಟಣದಿಂದ ಬಂದ ಅಧಿಕಾರಿ ಖಂಡಾಳ ಅಮ್ಮ ಯಂಜ್ಮಾಳನ್ನು ದೊಡ್ಡಿಯ ಮುಂದೆ ನಿಲ್ಲಿಸಿ, ಇದು ಯಾವ ಬೆಟ್ಟದ ಬೀಡಮ್ಮಾ ಅಂತ ಕೇಳಿದ. ಯಂಜ್ಮಾ ಬೆಟ್ಟದ ಕಡೆ ತಿರುಗಿ ತಲೆ ತಗ್ಗಿಸಿ ಖೈರ್‌ಖಾನ್ ಅಂದಳು. ಬೇರೆ ಏನನ್ನಬೇಕಿತ್ತು? ಪಕ್ಕದಲ್ಲಿ ಹೋಬಳಿಯ ಮುಖ್ಯಸ್ಥ ಬದ್ರಖ್ ಬಣ್ಣದ ಪೆನ್ಸಿಲು ಹಿಡಿದು ನಿಂತಿದ್ದ. ಆಗೆಲ್ಲ ಮುಖ್ಯಸ್ಥ ಕೈಯಾರೆ ಗೀಚಿದ್ದೇ ಗಣತಿಯ ನಕ್ಷೆ, ಭೂಮಿ ಕಚೇರಿಗೂ ಅದೇ ಆಧಾರ. ಸ್ವಾಮೀ, ಆ ಹೆಂಗಸು ಮರ್ಯಾದೆಗೆ ಹಾಗಂದಳು, ನಿಜವಾದ ಹೆಸರು ಇಂಥದ್ದು ಅಂತ ಆಮೇಲೆ ಕಚೇರಿಯಲ್ಲಿ ಕೂತು ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೇಳಲಿಲ್ಲ ಮಹಾನುಭಾವ. ಹಿಂದಿನ ಸಾಲಿನಲ್ಲಿ ಒಂದು ಬೋಳು ಬಂಡೆಗುಡ್ಡವಿತ್ತು, ನೀರಿಲ್ಲ ನೆರಳಿಲ್ಲ, ನಾಲ್ಕೂ ಕಡೆಯಿಂದ ಗಾಳಿ. ಯಾರೂ ಅದಕ್ಕೆ ಪೂಜೆಯ ಹಾಲು ಚಿಮುಕಿಸಿದವರಲ್ಲ. ಅದರ ಮೇಲೆ ಖೈರ್‌ಖಾನ್ ಅಂತ ಬರೆದ. ಯಂಜ್ಮಾಳಿಗೆ ಆ ಗುಡ್ಡದ ಪತ್ರ ಬಂತು. ಈ ಬೆಟ್ಟದ ಮೇಲೆ ನಿಜವಾದ ಹೆಸರು ಬರೆದು, ಆ ಹೆಸರಿನ ಬೀಡಿನ ಹಕ್ಕುಪತ್ರವನ್ನು ತನ್ನ ಹೆಸರಿಗೆ ಮಾಡಿಸಿಕೊಂಡ.

ಆ ಶರತ್ಕಾಲ ಬೇಸಿಗೆಯ ಹುಲ್ಲುಗಾವಲಿನಿಂದ ಯಂಜ್ಮಾ ಕುರಿ ಹೊಡೆದುಕೊಂಡು ಬಂದರೆ ಅವಳ ಬೀಡಿನಲ್ಲಿ ಬದ್ರಖನ ಗೆರ್ ಹೊಗೆಯಾಡುತ್ತಿತ್ತು. ಅವನು ಬೈಯಲಿಲ್ಲ, ಓಡಿಸಲಿಲ್ಲ. ಒಳಗೆ ಕರೆದು, ಕೂರಿಸಿ, ಚಹಾ ಕೊಟ್ಟು, ತಂಗೀ ನಿನ್ನ ಪತ್ರ ಹಿಂದಿನ ಗುಡ್ಡದ್ದು, ಓದ್ಕೋ ಅಂದ. ಯಂಜ್ಮಾ ಪಟ್ಟಣಕ್ಕೆ ಹೋಗಿ ಕಚೇರಿಯ ಗೋಡೆಗಳ ನಡುವೆ ನಿಂತು ಬೆಟ್ಟದ ನಿಜವಾದ ಹೆಸರು ಹೇಳಿದಳು. ಆ ಹೆಸರಿನ ಬೀಡು ಬದ್ರಖ್ ಹೆಸರಲ್ಲಿದೆಯಲ್ಲಮ್ಮಾ, ಖೈರ್‌ಖಾನ್ ಅಂತ ನೀನೇ ತಾನೇ ಹೇಳಿದ್ದು ಅಂದರು. ಅದಾದ ಮೇಲೆ ಅವಳು ಆ ಹೆಸರನ್ನು ಎಲ್ಲಿಯೂ, ಯಾರ ಹತ್ತಿರವೂ ಆಡಲಿಲ್ಲ.

ಆ ಸಲದ ಚಳಿಗಾಲ ಎಂಥದ್ದು ಅಂತ ನಮ್ಮ ಕಡೆ ಈಗಲೂ ಜನ ನೆನೆಸಿಕೊಳ್ಳುತ್ತಾರೆ. ಬಂಡೆಗುಡ್ಡದ ಬುಡದಲ್ಲಿ ಒಂದು ಬೆಳಗ್ಗೆ ಖಂಡಾ ಗೆರ್‌ನ ಬಾಗಿಲು ತಳ್ಳಿ ನೋಡಿದರೆ ಕುರಿಗಳು ನಿಂತಲ್ಲೇ ನಿಂತಿದ್ದವು, ಒಂದೂ ಉಸಿರಾಡುತ್ತಿರಲಿಲ್ಲ. ಅಮ್ಮ ಮಗಳು ಜಿಲ್ಲಾ ಕೇಂದ್ರಕ್ಕೆ ಬಂದು, ಊರಂಚಿನಲ್ಲಿ ಕಲ್ಲಿದ್ದಲ ಹೊಗೆಯಲ್ಲಿ ಗೆರ್ ಹೂಡಿದರು. ಯಂಜ್ಮಾ ಶಾಲೆಯ ಹಾಸ್ಟೆಲಿನ ನೆಲ ಒರೆಸಿ ಮಗಳನ್ನು ಓದಿಸಿದಳು. ಬೈದುಬಿಡು ಅಮ್ಮಾ ಅವನನ್ನ, ಒಂದು ಸಲನಾದ್ರೂ ಬಾಯ್ತುಂಬ ಶಾಪ ಹಾಕು ಅಂತ ಖಂಡಾ ಎಷ್ಟೋ ಸಲ ಹಟ ಹಿಡಿದದ್ದುಂಟು. ಬೆಟ್ಟದ ಮಡಿಲಲ್ಲಿ ಕೂತಿದ್ದಾನೆ, ಬೆಟ್ಟ ನೋಡ್ಕೊಳ್ಳುತ್ತೆ ಬಿಡು ಅನ್ನುತ್ತಿದ್ದಳು ಯಂಜ್ಮಾ. ಬೆಟ್ಟವೇನೂ ನೋಡಿಕೊಳ್ಳಲಿಲ್ಲ. ಬದ್ರಖನ ಕುರಿಗಳು ಹೆಚ್ಚಿದವು, ಕುದುರೆಗಳು ಪಂದ್ಯ ಗೆದ್ದವು. ಯಂಜ್ಮಾ ಕೆಮ್ಮಿ ಕೆಮ್ಮಿ ಸತ್ತಳು. ಅಮ್ಮನ ಪೆಟ್ಟಿಗೆಯ ತಳದಲ್ಲಿ ಆ ಹಕ್ಕುಪತ್ರ ಹಾಗೇ ಇತ್ತು, ಒಂದು ಮಡಿಕೆಯೂ ಸಡಿಲಾಗದೆ. ಅದನ್ನು ನೋಡಿದ ದಿನ ಖಂಡಾ ಅಳಲಿಲ್ಲ. ಬೆಟ್ಟ ಮಾಡದೆ ಬಿಟ್ಟ ಕೆಲಸವನ್ನು ತಾನು ಮಾಡುತ್ತೇನೆ ಅಂದುಕೊಂಡಳು.

ಆಮೇಲೆ ಗಣತಿ ಇಲಾಖೆಗೆ ಹೊಸ ಕಾಲ ಬಂತು. ಕೈಬರಹದ ಹಾಳೆಗಳನ್ನೆಲ್ಲ ಕಪಾಟಿಗೆ ತುಂಬಿ, ಉಪಗ್ರಹದ ಚಿತ್ರದ ಮೇಲೆ ಮನೆಗೊಂದು ಚುಕ್ಕಿ ಇಟ್ಟು, ಆ ಚುಕ್ಕಿಯ ಹಿಂದೆ ಹೆಸರು, ಕುರಿ, ಬಾವಿ ಎಲ್ಲವನ್ನೂ ಜೋಡಿಸುವ ಪದ್ಧತಿ ಬಂತು. ಈ ಕೆಲಸದಲ್ಲಿ ಖಂಡಾಳನ್ನು ಮೀರಿಸುವವರು ಜಿಲ್ಲೆಯಲ್ಲಿರಲಿಲ್ಲ. ದಿನಾ ಬೆಳಗ್ಗೆ ಕಂಪ್ಯೂಟರು ತೆರೆದೊಡನೆ ಅವಳು ಮೊದಲು ಆಕಾಶದಿಂದ ಅಪ್ಪನ ಬೀಡಿಗೆ ಇಳಿಯುತ್ತಿದ್ದಳು. ಅಲ್ಲಿಂದಲೂ ಆ ಹಿಕ್ಕೆಯ ಹಾಸು ಕಪ್ಪಗೆ, ಅಂಗೈಯಷ್ಟು, ಬೆಟ್ಟದ ಬುಡಕ್ಕೆ ಅಂಟಿಕೊಂಡು ಕಾಣುತ್ತಿತ್ತು. ಅದರ ಮೇಲಿನ ಚುಕ್ಕಿಗೆ ಬದ್ರಖನ ಹೆಸರು. ನೋಡಿ, ಹಲ್ಲು ಕಚ್ಚಿ, ಆಮೇಲೆ ದಿನದ ಕೆಲಸ ಶುರು ಮಾಡುತ್ತಿದ್ದಳು.

ಹೊಸ ನಕ್ಷೆಯ ಆ ವರ್ಷವೇ ಭೂಮಿ ಕಚೇರಿಯವರೂ ಒಂದು ತೀರ್ಮಾನಕ್ಕೆ ಬಂದರು. ಇನ್ನು ಮೇಲೆ ಎಲ್ಲರಿಗೂ ಒಂದೇ ನಕ್ಷೆ, ಗಣತಿಯವರದ್ದೇ ನಕ್ಷೆ. ಬೀಡುಗಳ ಹಳೆಯ ಹಕ್ಕುಪತ್ರಗಳನ್ನು ಅದಕ್ಕೆ ತಾಳೆ ಹಾಕುವುದು. ಪತ್ರದಲ್ಲಿರುವ ಬೆಟ್ಟ ನಕ್ಷೆಯಲ್ಲಿದ್ದರೆ ಬೀಡು ಪತ್ರದವರದ್ದು, ಇಲ್ಲದಿದ್ದರೆ ಪತ್ರ ರದ್ದು. ಸುತ್ತೋಲೆ ಓದುತ್ತಾ ಓದುತ್ತಾ ಖಂಡಾಳ ಮೈ ಬಿಸಿಯಾಯಿತು. ಬುಡದಲ್ಲಿ ನಿಂತು ಹೇಳಿದ್ದೇ ಬೆಟ್ಟದ ಹೆಸರು. ಬದ್ರಖ್ ಖೈರ್‌ಖಾನ್ ಅಂದರೆ ಆ ಬೆಟ್ಟ ನಕ್ಷೆಯಲ್ಲಿ ಖೈರ್‌ಖಾನ್ ಆಗುತ್ತದೆ, ಅಮ್ಮನ ಪತ್ರಕ್ಕೆ ಜೀವ ಬರುತ್ತದೆ, ಅವನ ಪತ್ರದಲ್ಲಿರುವ ಬೆಟ್ಟ ಎಲ್ಲೂ ಇಲ್ಲದ ಬೆಟ್ಟವಾಗುತ್ತದೆ. ನಿಜವಾದ ಹೆಸರು ಹೇಳಿದರೆ ಬೀಡು ಉಳಿಯುತ್ತದೆ, ಆದರೆ ಬೆಟ್ಟದ ಮುಖಕ್ಕೆ ಮುಖ ಕೊಟ್ಟು ಹೆಸರು ಹಿಡಿದವನ ಮನೆಯ ಚಹಾವನ್ನು ಹೋಬಳಿಯಲ್ಲಿ ಯಾರೂ ಮುಟ್ಟುವುದಿಲ್ಲ. ಯಾವ ಕಡೆ ಉರುಳಿದರೂ ಬದ್ರಖ್ ಕೆಟ್ಟ. ಬೀಡಿಗಾಗಿ ಏನನ್ನು ಬೇಕಾದರೂ ಮಾರುವವನು ಹೆಸರು ಹೇಳಿಯೇ ತೀರುತ್ತಾನೆ ಅಂತ ಅವಳ ಲೆಕ್ಕ. ಅವನು ಎಲ್ಲರೆದುರು ಹೆಸರುಗೆಡುವುದನ್ನು ಕಣ್ಣಾರೆ ನೋಡಬೇಕಿತ್ತು ಅವಳಿಗೆ.

ಮೊದಲು ಹಿಂದಿನ ಗುಡ್ಡಕ್ಕೆ ಹೋದಳು. ಅದರ ಬುಡದಲ್ಲಿರುವ ದೆಜಿದ್ ಅಜ್ಜಿ ಟ್ಯಾಬಿನ ಮುಂದೆ ಬಾಯಿಟ್ಟು, ಇದಾ, ಇದು ಬೋಳುಬಂಡೆ ಕಣಮ್ಮಾ, ಇದಕ್ಯಾಕೆ ಹೆಸರಿನ ಶೃಂಗಾರ ಅಂದಳು. ಬದ್ರಖ್ ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದ ಖೈರ್‌ಖಾನ್ ಅಲ್ಲಿಗೆ ಅಳಿಸಿಹೋಯಿತು.

ಕುರಿಗಳು ಚಳಿಗಾಲದ ಬೀಡಿಗೆ ಮರಳಿದ ಮೇಲೆ ಖಂಡಾ ಬದ್ರಖನಲ್ಲಿಗೆ ಹೋದಳು. ಜೊತೆಗೆ ಭೂಮಿ ಕಚೇರಿಯ ಶಿರೆನ್, ಇನ್ನೂ ಮೀಸೆ ಗಟ್ಟಿಯಾಗದ ಅಧಿಕಾರಿ. ಸಾಕ್ಷಿಗೆ ದೆಜಿದ್ ಅಜ್ಜಿ ಮತ್ತು ಅಕ್ಕಪಕ್ಕದ ಬೀಡಿನ ಇಬ್ಬರು ಮುದುಕರು. ಇವರೆಲ್ಲ ಆಚೆ ತಾಲೂಕಿನಿಂದ ಆಮೇಲೆ ಬಂದು ನೆಲೆಸಿದವರು. ಬೆಟ್ಟಕ್ಕೆ ನಡೆದುಕೊಳ್ಳುವುದು ಗೊತ್ತೇ ಹೊರತು ಅದರ ಹೆಸರು ಗೊತ್ತಿಲ್ಲದವರು. ಹಳಬರೆಲ್ಲ ಸತ್ತೋ, ಪಟ್ಟಣ ಸೇರಿಯೋ, ಹೆಸರು ಬಲ್ಲವನು ಅಲ್ಲಿ ಬದ್ರಖ್ ಒಬ್ಬನೇ ಉಳಿದಿದ್ದ.

ಬದ್ರಖ್ ಬೆನ್ನು ಬಾಗಿ ಕುಗ್ಗಿಹೋಗಿದ್ದ. ಖಂಡಾಳ ಮುಖವನ್ನು ಒಂದು ಗಳಿಗೆ ನೋಡಿ, "ಯಂಜ್ಮಾಳ ಮಗಳಲ್ವಾ? ಥೇಟ್ ಅಮ್ಮನ ಹಣೆ" ಅಂದ. ಅವನ ಸೊಸೆ ಎಲ್ಲರಿಗೂ ಹಾಲು ಉಪ್ಪು ಹಾಕಿದ ಚಹಾ ತಂದುಕೊಟ್ಟಳು. ಖಂಡಾ ಬಟ್ಟಲನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟಳು. ಅದೇ ಜಾಗದಲ್ಲಿ ಅಮ್ಮನಿಗೂ ಅವನು ಇದೇ ಚಹಾ ಕೊಟ್ಟಿದ್ದ.

ಎಲ್ಲರೂ ಹೊರಗೆ ಬಂದು ದೊಡ್ಡಿಯ ಮುಂದೆ ನಿಂತರು. ಬೆಟ್ಟ ಅಷ್ಟೆತ್ತರಕ್ಕೆ, ಮೋಡವಿಲ್ಲದೆ, ಎದುರಿಗೇ ಇತ್ತು. ಶಿರೆನ್ ನಿಯಮವನ್ನು ಗಟ್ಟಿಯಾಗಿ ಓದಿದ, ಹಕ್ಕುಪತ್ರ ಏನಾಗುತ್ತದೆ ಅನ್ನುವುದನ್ನೂ ಬಿಡಿಸಿ ಹೇಳಿದ. ಬದ್ರಖ್ ತಲೆಯಾಡಿಸಿ, ಸರಿ ಮಗಳೇ, ಕಣಿವೆಯಾಚೆ ಹೋಗೋಣ ನಡಿ, ಅಲ್ಲಿ ಹೇಳ್ತೀನಿ ಅಂತ ಜೀಪಿನ ಕಡೆ ಹೆಜ್ಜೆಯಿಟ್ಟ. ಎಲ್ಲ ಕಡೆ ಹಾಗೇ ನಡೆದಿದೆ ಅನ್ನುವುದು ಅವನ ಕಿವಿಗೂ ಬಿದ್ದಿತ್ತು.

"ಇಲ್ಲೇ ಹೇಳ್ಬೇಕು ತಾತ," ಅಂದಳು ಖಂಡಾ. "ಬುಡದಲ್ಲೇ ಅಂತ ನಿಯಮ ಇದೆ."

ಶಿರೆನ್ ಅವಳ ಹತ್ತಿರ ಬಂದು, ಅಕ್ಕ, ಮಿಕ್ಕವರನ್ನೆಲ್ಲ ಆಚೆ ಕರ್ಕೊಂಡು ಹೋದ್ವಲ್ಲ ಅಂತ ಪಿಸುಗುಟ್ಟಿದ. ಖಂಡಾ ಅವನ ಕಡೆ ತಿರುಗಿದ ರೀತಿಗೆ ಅವನು ಹಿಂದೆ ಸರಿದ. ಬದ್ರಖ್ ನಿಂತಲ್ಲೇ ನಿಂತ. ಅವನು ಖಂಡಾಳನ್ನು ನೋಡಿದ, ಟ್ಯಾಬನ್ನು ನೋಡಿದ, ದೊಡ್ಡಿಯನ್ನು ನೋಡಿದ. ಮುದುಕ ದಡ್ಡನಲ್ಲ. ತಾನು ಹಿಂದೊಮ್ಮೆ ಹೂಡಿದ ಬಲೆ ತನ್ನ ಕಾಲಿಗೇ ಸಿಕ್ಕಿದ್ದು ಅವನಿಗೆ ಅರ್ಥವಾಗದೆ ಇರಲಿಲ್ಲ.

ಬರೆದು ಕೊಡಲಾ ಅಂತ ಕೇಳಿದ. ಖಂಡಾ ಉತ್ತರ ಕೊಡುವ ಮೊದಲೇ ದೆಜಿದ್ ಅಜ್ಜಿ ಮೂಗೇರಿಸಿ, "ಚೆನ್ನಾಗಿದೆ ಕಣಣ್ಣಾ. ಬಾಯಲ್ಲಿ ಆಡಿದ್ದು ಗಾಳಿಗಾದ್ರೂ ಹೋಗುತ್ತೆ, ಬರೆದದ್ದು ಇದರ ಕಾಲಬುಡದಲ್ಲೇ ಬಿದ್ದಿರುತ್ತೆ" ಅಂದಳು.

ಸೊಸೆ ಸೊಂಟದ ಮೇಲಿದ್ದ ಮಗುವನ್ನು ಆಚೆ ಮಗ್ಗುಲಿಗೆ ಬದಲಿಸಿಕೊಳ್ಳುತ್ತಾ ಮುಂದೆ ಬಂದಳು. ಹೇಳಿಬಿಡಿ ಮಾವ, ಪಾಪ ಬಂದ್ರೆ ನಮಗೆ ಬರ್ಲಿ, ಈ ಚಳೀಲಿ ಇಷ್ಟು ಕುರಿ ಇಟ್ಕೊಂಡು ಎಲ್ಲಿಗೆ ಹೋಗೋಣ ಅಂತ ಅಳುದನಿಯಲ್ಲಿ ಬೇಡಿದಳು. ಹೇಳು, ಹೇಳು ಅಂತ ಖಂಡಾಳೂ ಒಳಗೊಳಗೇ ಅನ್ನುತ್ತಿದ್ದಳು. ನಮ್ಮಮ್ಮನ ಬಾಯಿ ಕಟ್ಟಿದವನು ನೀನು, ಈಗ ನಿನ್ನ ಬಾಯಿ ಬಿಡು, ಕುರಿಗೋಸ್ಕರ, ಹಿಕ್ಕೆಗೋಸ್ಕರ ಇವರೆಲ್ಲರ ಮುಂದೆ ಹೊಲಸಾಗು. ಇಷ್ಟು ವರ್ಷ ಅವಳು ಕಾಯ್ದದ್ದು ಈ ಒಂದು ಗಳಿಗೆಗೆ.

ಬದ್ರಖ್ ಟೋಪಿ ತೆಗೆದ. ಅದನ್ನು ಎದೆಗಿಟ್ಟುಕೊಂಡು ಬೆಟ್ಟದ ಕಡೆ ತಿರುಗಿದ. ತುಟಿ ಒಂದೆರಡು ಸಲ ಅಲುಗಿತು.

"ಖೈರ್‌ಖಾನ್," ಅಂದ.

ಸೊಸೆ ಮಗುವನ್ನು ಅವಚಿಕೊಂಡು ಅಲ್ಲೇ ಕುಸಿದಳು. ಟ್ಯಾಬಿನ ಪರದೆ ಉಳಿಸಬೇಕೇ ಅಂತ ಕೇಳಿತು. ಖಂಡಾ ಹೌದು ಒತ್ತಿದಳು. ಗೆದ್ದಿದ್ದಳು. ಅವಳು ನೋಡಬೇಕೆಂದಿದ್ದ ಗೆಲುವು ಇದಲ್ಲ, ಆದರೂ ಗೆಲುವೇ. ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ತಣ್ಣಗಾದದ್ದು ಸುಳ್ಳಲ್ಲ.

"ನಮ್ಮಮ್ಮನೂ ಇಲ್ಲೇ ನಿಂತ್ಕೊಂಡು ಇದನ್ನೇ ಹೇಳಿದ್ಲು," ಅಂದಳು.

"ಗೊತ್ತು," ಅಂದ ಬದ್ರಖ್. "ಹೇಳೋದು ಇದೇ ಅಂತ ನಂಗೆ ಆಗ್ಲೂ ಗೊತ್ತಿತ್ತು."

ಸೊಸೆ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ನಿಮಗೆ ಒಂದು ಆಡುಮರಿಯೂ ಇಲ್ವಲ್ಲ ಅಕ್ಕ, ಈ ಬೀಡು ತಗೊಂಡು ಏನ್ಮಾಡ್ತೀರಿ ಅಂತ ಕೇಳಿದಳು. ಕೇಳಿದ್ದರಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು ಅವಳಿಗೆ.

"ಏನೂ ಮಾಡಲ್ಲ," ಅಂದಳು ಖಂಡಾ. "ಖಾಲಿ ಬಿಡ್ತೀನಿ."

ಮುದುಕರಲ್ಲೊಬ್ಬ ಜೇಬಿನಿಂದ, ನಮ್ಮಲ್ಲಿ ಮರ್ಯಾದೆಗೆ ಕೈಯಿಂದ ಕೈಗೆ ಕೊಡುವ, ನಶ್ಯದ ಬುಡ್ಡಿ ತೆಗೆದು ಎರಡೂ ಕೈಯಲ್ಲಿ ಬದ್ರಖನಿಗೆ ಕೊಟ್ಟ. ಅದು ದೆಜಿದ್ ಅಜ್ಜಿಯ ಕೈಗೆ ಹೋಯಿತು, ಶಿರೆನ್‌ನ ಕೈಗೂ ಹೋಯಿತು. ಖಂಡಾಳ ಹತ್ತಿರ ಬಂದಾಗ ಮಾತ್ರ ಮುದುಕ ಮುಚ್ಚಳ ತಿರುಗಿಸಿ ಜೇಬಿಗಿಟ್ಟುಕೊಂಡ. ಬೆಟ್ಟವನ್ನು ಬಲೆಯ ಗೂಟ ಮಾಡಿದವಳು ಅಂತ ಅವರ ಸಿಟ್ಟು. ಆಹಾ, ಎಂಥ ಧರ್ಮವಂತರು! ಯಂಜ್ಮಾಳ ಕುರಿ ನಿಂತಲ್ಲೇ ಸತ್ತಾಗ ಅವಳ ಕೈಗೆ ಯಾರ ಬುಡ್ಡಿ ಬಂದಿತ್ತು ಹೇಳಿ ನೋಡೋಣ? ನಾನಂತೂ ಖಂಡಾ ಮಾಡಿದ್ದು ತಪ್ಪು ಅನ್ನುವುದಿಲ್ಲ. ಅವಳೂ ಹಾಗಂದುಕೊಳ್ಳದೆ ಜೀಪು ಹತ್ತಿದಳು.

ಬದ್ರಖನ ಪತ್ರ ರದ್ದಾಯಿತು. ಅವನ ಮಗ, ಸೊಸೆ ಗೆರ್ ಬಿಚ್ಚಿ, ಬೇರೆ ಎಲ್ಲೂ ಜಾಗ ಸಿಗದೆ ಹಿಂದಿನ ಬೋಳುಬಂಡೆಯ ಬುಡಕ್ಕೆ ಕುರಿ ಹೊಡೆದುಕೊಂಡು ಹೋದರು. ಈ ಸುದ್ದಿ ತಂದ ಶಿರೆನ್ ಅವಳ ಮುಖ ನೋಡಲಿಲ್ಲ. ಖಂಡಾ ಕಂಪ್ಯೂಟರಿನಲ್ಲಿ ಅಪ್ಪನ ಬೀಡಿಗೆ ಇಳಿದು, ಚುಕ್ಕಿಯ ಹಿಂದೆ ಯಂಜ್ಮಾ ಅಂತ ಬರೆದಳು. ಅಷ್ಟು ಹೊತ್ತಿಗೆ ಜಿಲ್ಲೆಯ ಮಿಕ್ಕ ಬೆಟ್ಟಗಳೆಲ್ಲ ತಂತಮ್ಮ ಹೆಸರಿಗೆ ಮರಳಿದ್ದವು. ನಕ್ಷೆಯಲ್ಲಿ ಕೊನೆಗೆ ಒಂದೇ ಒಂದು ಖೈರ್‌ಖಾನ್ ಉಳಿದಿತ್ತು.

ಮೊದಲ ಹಿಮ ಬಿದ್ದು ರಸ್ತೆ ಇನ್ನೂ ಮುಚ್ಚಿರದ ಒಂದು ಮಧ್ಯಾಹ್ನ ಬದ್ರಖ್ ಕ್ಯಾಶ್ಮೀರ್ ಉಣ್ಣೆಯ ಲಾರಿ ಹತ್ತಿಕೊಂಡು ಜಿಲ್ಲಾ ಕಚೇರಿಗೆ ಬಂದ. ಕಾವಲಿನವನು ಅವನನ್ನು ಖಂಡಾಳ ಕೋಣೆಯವರೆಗೂ ಕೈಹಿಡಿದು ಕರೆತಂದ. ಖಂಡಾ ಎದ್ದು ನಿಲ್ಲಲಿಲ್ಲ. ಕುರ್ಚಿ ಮಾತ್ರ ತೋರಿಸಿದಳು. ಬೀಡು ಕೇಳೋಕೆ ಬಂದಿದ್ರೆ ಬಂದ ದಾರೀಲೇ ಹೋಗಿ ಅಂತ ಮೊದಲೇ ಹೇಳಿದಳು.

ಬೀಡು ಬೇಡ, ಇಟ್ಕೋ ಅಂದ ಮುದುಕ. ನಿಮ್ಮಪ್ಪಂದೇ ಅದು, ನಾನು ತಿಂದಿದ್ದೆ, ಕಕ್ಕಿದ್ದಾಯ್ತು. ಅವನು ಬಂದದ್ದು ಬೇರೆ ವಿಷಯಕ್ಕೆ. ಅವನ ಮಗನಿಗೆ ಬೆಟ್ಟದ ಹೆಸರು ಗೊತ್ತಿರಲಿಲ್ಲ. ಹುಟ್ಟಿದ ಲಾಗಾಯ್ತಿನಿಂದ ಬೆಟ್ಟದ ಕಣ್ಣೆದುರೇ ಬೆಳೆದವನು, ದೂರ ಕರೆದೊಯ್ದು ಕಿವಿಯಲ್ಲಿ ಹೇಳಬೇಕಿತ್ತು, ನಾಳೆ ನಾಳೆ ಅಂತ ಬಿಟ್ಟೆ ಅಂದ. ಈಗ ಹೇಳೋಣವೆಂದರೆ ಮಗ ಮಾತು ಬಿಟ್ಟಿದ್ದ. ಬೀಡು ಉಳಿಸಲಾರದ ಅಪ್ಪನ ಹತ್ತಿರ ಅವನಿಗೆ ಕೇಳುವಂಥದ್ದು ಏನೂ ಇರಲಿಲ್ಲ.

"ನಾನು ಸತ್ಮೇಲೆ ಅದರ ಹೆಸರು ಹೇಳೋಕೆ ಒಂದು ಬಾಯಿನೂ ಇರಲ್ಲ ಮಗಳೇ," ಅಂದ. "ನಿನ್ನ ನಕ್ಷೇಲಿ ಬರಿ. ಅಷ್ಟೇ ಕೇಳೋದು. ಇಲ್ಲಿಂದ ಕಾಣಲ್ಲ, ಹೇಳ್ತೀನಿ, ಬರ್ಕೋ."

ಹೇಳಿಯೂ ಬಿಟ್ಟ. ಹೆಸರನ್ನು ಪೂರ್ತಿಯಾಗಿ, ಕೊನೆಯನ್ನು ಎಳೆದು, ಹೊಳೆಯಾಚೆಯವರನ್ನು ಕರೆಯುವ ಹಾಗೆ ಹೇಳಿದ.

ಆ ಹೆಸರನ್ನು ಖಂಡಾ ಅವನ ಹಕ್ಕುಪತ್ರದಲ್ಲಿ ಓದಿದ್ದಳು. ಕಳ್ಳನ ಕೈಬರಹವೆಂದು ದ್ವೇಷದಿಂದ ಓದಿದ್ದಳು, ಬಾಯಿಬಿಟ್ಟು ಅಂದಿರಲಿಲ್ಲ, ಯಾರೂ ಅಂದದ್ದನ್ನು ಕೇಳಿಯೂ ಇರಲಿಲ್ಲ. ಹಾಗೆಂದೇ ಇಷ್ಟು ದಿನ ನಂಬಿದ್ದಳು. ಈಗ ಏನೋ ಎದೆಗೆ ತಾಗಿತು. ಏನೆಂದು ತಿಳಿಯುವ ಮೊದಲೇ ಹಳೆಯ ಸಿಟ್ಟು ಬಾಯಿಗೆ ಬಂದುಬಿಟ್ಟಿತು.

ಬರೆಯೋಕಾಗಲ್ಲ ಅಂದಳು. ಒಂದು ಬೆಟ್ಟಕ್ಕೆ ಒಂದೇ ಹೆಸರಿನ ಜಾಗ ಇರೋದು. ಅದನ್ನ ಬರೆದ್ರೆ ಖೈರ್‌ಖಾನ್ ಹೋಗುತ್ತೆ, ಖೈರ್‌ಖಾನ್ ಹೋದ್ರೆ ಅಮ್ಮನ ಪತ್ರ ಮತ್ತೆ ಸುಳ್ಳಾಗುತ್ತೆ. ಒಂದು ಸಲ ನೀವು ಸುಳ್ಳು ಮಾಡಿದ್ರಿ, ಇನ್ನೊಂದು ಸಲ ನಾನೇ ಮಾಡ್ಲಾ?

ಮುದುಕ ಇದನ್ನು ಯೋಚಿಸಿರಲಿಲ್ಲ. "ಹಾಗಾದ್ರೆ ಬೆಟ್ಟದ ಹೆಸರು?" ಅಂತ ಕೇಳಿದ.

"ನಿಮ್ಮ ಜೊತೆಗೇ ಹೋಗ್ಲಿ," ಅಂದಳು ಖಂಡಾ.

ಇದಕ್ಕಿಂತ ದೊಡ್ಡ ಏಟು ಅವಳ ಹತ್ತಿರ ಇನ್ನಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಬದ್ರಖ್ ಮೇಜಿಗೆ ಕೈಯೂರಿ ಎದ್ದ. ಟೋಪಿಯನ್ನು ಹುಡುಕಿ ತೆಗೆದುಕೊಂಡ. ಅವನು ಬಾಗಿಲ ಕಡೆ ತಿರುಗುವಷ್ಟರಲ್ಲಿ ಖಂಡಾಳಿಗೆ ಎದೆಗೆ ತಾಗಿದ್ದು ಏನೆಂದು ತಿಳಿಯಿತು.

ಅವಳು ಒಂಟೆಯ ಮೇಲಿದ್ದಳು, ತೀರಾ ಚಿಕ್ಕವಳು. ಹಿಂದೆ ಅಪ್ಪ ಕೂತಿದ್ದ, ಅವನ ಗಡ್ಡ ಅವಳ ಟೋಪಿಗೆ ಒತ್ತುತ್ತಿತ್ತು. ಎಲ್ಲಿಗೋ ದೂರ ಹೊರಟಿದ್ದರು. ಕಣಿವೆ ದಾಟಿದ ಮೇಲೆ ಅಪ್ಪ ಒಂಟೆ ನಿಲ್ಲಿಸಿ, ಅವಳ ಗಲ್ಲ ಹಿಡಿದು ಹಿಂದಕ್ಕೆ ತಿರುಗಿಸಿದ. ಅಲ್ಲಿ ಬೆಟ್ಟ ಕಾಣುತ್ತಿರಲಿಲ್ಲ, ಬರೀ ಆಕಾಶ. ಆಗ ಅವಳ ಕಿವಿಗೆ ಬಾಯಿಟ್ಟು ಅಪ್ಪ ಆ ಹೆಸರು ಹೇಳಿದ. ಪೂರ್ತಿಯಾಗಿ, ಕೊನೆಯನ್ನು ಎಳೆದು. ಅಪ್ಪನ ಮುಖ ಅವಳ ನೆನಪಿನಲ್ಲಿ ಮಸುಕಾಗಿತ್ತು, ದನಿ ಎಂದೋ ಹೋಗಿತ್ತು. ಆ ಬೆಟ್ಟದ ಬುಡದವರು ಮಾತ್ರ ಎಳೆಯುವ ಆ ಎಳೆತದಲ್ಲಿ ಆ ದನಿಯೇ ಈಗಷ್ಟೇ ಈ ಕೋಣೆಯೊಳಗೆ ಬಂದಿತ್ತು, ಅವಳು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ತುಟಿಯಲ್ಲೇ ಹೆಸರನ್ನು ಅಂದು ನೋಡಿದಳು. ಬರೆದದ್ದನ್ನು ಓದಿದ ಹಾಗೆ ಬಂತು. ಅಪ್ಪನ ಹಾಗೆ ಬರಲಿಲ್ಲ.

"ತಾತ," ಅಂತ ಕೂಗಿದಳು. ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. "ತಾತ, ಇನ್ನೊಂದು ಸಲ ಹೇಳಿ. ಬರೆಯಲ್ಲ. ನಂಗೆ ಕೇಳ್ಬೇಕು, ಅಷ್ಟೇ."

ಬದ್ರಖ್ ಬಾಗಿಲಲ್ಲಿ ನಿಂತು ತಿರುಗಿ ಅವಳನ್ನು ನೋಡಿದ. ಅವಳ ಕಣ್ಣು ತುಂಬಿದ್ದು ಅವನಿಗೆ ಕಂಡಿತು. ಯಾಕೆ ಅನ್ನುವುದೂ ಅವನಿಗೆ ಹೊಳೆದಿರಬೇಕು, ಅವಳಪ್ಪನ ದನಿ ಕೇಳಿ ಬಲ್ಲವನಲ್ಲವೇ ಅವನು. ಕಿಟಕಿಯಾಚೆ ಊರಿನ ಹೊಗೆಕೊಳವೆಗಳು, ಬೂದು ಆಕಾಶ. ಸುತ್ತಮುತ್ತ ಎಲ್ಲೂ ಒಂದು ಬೆಟ್ಟವಿರಲಿಲ್ಲ. ಮುದುಕ ಟೋಪಿಯನ್ನು ಎದೆಗಿಟ್ಟುಕೊಂಡ.

"ಖೈರ್‌ಖಾನ್," ಅಂದ.

ಆಮೇಲೆ ಟೋಪಿ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.